ಹಳೆಯ ಜೀಪಿಗೆ ಬದಲಿ ಮುಂದಿನ ಆಕ್ಸಲ್ ಆರಿಸುವುದು ಹೇಗೆ: ಕರಾವಳಿಯ ವಾಹನಗಳಿಗೊಂದು ಮಾರ್ಗದರ್ಶಿ

ಮಂಗಳೂರು, ಉಡುಪಿ ಸುತ್ತಮುತ್ತ ಇನ್ನೂ ಓಡುತ್ತಿರುವ ಹಳೆಯ ಫೋರ್ ವೀಲ್ ಜೀಪುಗಳ ಮುಂದಿನ ಆಕ್ಸಲ್ ಕೆಡುವುದಕ್ಕೆ ಓಟದಷ್ಟೇ ಇಲ್ಲಿನ ಹವೆಯೂ ಕಾರಣ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಕಡಲಿನಿಂದ ಬೀಸುವ ಉಪ್ಪುಗಾಳಿ, ಬೆಳ್ತಂಗಡಿ, ಸುಳ್ಯ, ಕಾರ್ಕಳ ಕಡೆಯ ತೋಟದ ದಾರಿಗಳ ಕೆಂಪು ಕೆಸರು ಇವೆಲ್ಲ ಸೇರಿ ಸೀಲುಗಳನ್ನು ತಿನ್ನುತ್ತವೆ, ಸೀಲು ಹೋದ ಜಾಗದಿಂದ ನೀರು ಒಳಗೆ ಸೇರುತ್ತದೆ, ಆಮೇಲೆ ಬೇರಿಂಗ್‌ಗಳೂ ಗೇರುಗಳೂ ಒಂದರ ಹಿಂದೊಂದರಂತೆ ಹಾಳಾಗುತ್ತವೆ. ಆಗ ಗುಜರಿಯಿಂದ ಇಡೀ ಆಕ್ಸಲ್ ತಂದು ಕೂರಿಸುವ ಯೋಚನೆ ಮಾಲೀಕರಿಗೆ ಬರುವುದು ಸಹಜ.

ಈ ಲೇಖನ ಎರಡು ಬಗೆಯ ವಾಹನಗಳನ್ನು ಮುಂದಿಟ್ಟುಕೊಂಡಿದೆ. ಮೊದಲನೆಯದು ವಿಲ್ಲಿಸ್ ವಂಶದ, ಅಂದರೆ ಅಮೆರಿಕದ ವಿಲ್ಲಿಸ್ ಜೀಪಿನ ವಿನ್ಯಾಸದಿಂದ ಬೆಳೆದ ಮಹೀಂದ್ರ ಜೀಪುಗಳು, ಅಂದರೆ ಸಿಜೆ-3ಬಿಯಿಂದ ಹಿಡಿದು ಸಿಜೆ500, ಎಂಎಂ540, ಎಂಎಂ550ರವರೆಗಿನವು. ಎರಡನೆಯದು 1985ರಲ್ಲಿ ಬಂದ ಮಾರುತಿ ಜಿಪ್ಸಿ. ಎರಡರಲ್ಲೂ ಮುಂದೆ ಲೀಫ್ ಸ್ಪ್ರಿಂಗ್‌ಗಳ ಮೇಲೆ ಕೂರುವ ಇಡಿಯಾದ ಆಕ್ಸಲ್ ಇದೆ. ಕೊಳ್ಳುವವರು ನೆನಪಿಡಬೇಕಾದ ಮುಖ್ಯ ಮಾತೊಂದಿದೆ. ಬೇರಿಂಗ್, ಸೀಲು, ಜಾಯಿಂಟ್, ಕ್ರೌನ್-ಪಿನಿಯನ್ (ಚಕ್ರಗಳನ್ನು ತಿರುಗಿಸುವ ದೊಡ್ಡ-ಚಿಕ್ಕ ಗೇರುಗಳ ಜೋಡಿ) ಇವುಗಳನ್ನು ಹುಡುಕಿದರೆ ಹೊಸದಾಗಿಯೇ ಪಡೆಯಬಹುದು, ಆದರೆ ನೆಟ್ಟಗಿರುವ, ತುಕ್ಕು ತಿನ್ನದ ಹೌಸಿಂಗ್, ಅಂದರೆ ಗೇರುಗಳನ್ನೂ ಶಾಫ್ಟುಗಳನ್ನೂ ಒಳಗಿಟ್ಟುಕೊಂಡ ಹೊರಕವಚ, ಹೊಸದಾಗಿ ಸಿಗುವುದು ತೀರ ಕಷ್ಟ. ಆದ್ದರಿಂದ ಬದಲಿ ಆಕ್ಸಲಿಗೆ ಹಣ ಕೊಡುವಾಗ ನಾವು ನಿಜವಾಗಿ ಕೊಳ್ಳುತ್ತಿರುವುದು ಹೌಸಿಂಗನ್ನು, ಉಳಿದದ್ದು ಅದರ ಜೊತೆಗೆ ಬಂದದ್ದು ಎಂದೇ ಎಣಿಸಬೇಕು.

ಇಡೀ ಆಕ್ಸಲ್ ನಿಜವಾಗಿಯೂ ಬೇಕೇ?

ಮೊದಲು ರೋಗ ಯಾವುದೆಂದು ತಿಳಿಯಬೇಕು. ಗಂಟೆಗೆ ಐವತ್ತು-ಅರವತ್ತು ಕಿಲೋಮೀಟರ್ ವೇಗದಲ್ಲಿ ಗುಂಡಿಯೊಂದಕ್ಕೆ ಇಳಿದ ಕೂಡಲೇ ಸ್ಟೀರಿಂಗ್ ಜೋರಾಗಿ ಅದುರಲು ತೊಡಗಿದರೆ ಅದು ಹೆಚ್ಚಾಗಿ ಕಿಂಗ್‌ಪಿನ್ (ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಗೂಟ) ಬೇರಿಂಗ್, ಟೈ ರಾಡ್ ಎಂಡ್ (ಎರಡೂ ಚಕ್ರಗಳ ಸ್ಟೀರಿಂಗನ್ನು ಜೋಡಿಸುವ ಸರಳಿನ ತುದಿ) ಅಥವಾ ಸ್ಪ್ರಿಂಗ್ ಬುಷ್‌ಗಳ ಸವೆತ. ಚಕ್ರವನ್ನು ನೆಲದಿಂದ ಎತ್ತಿ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ, ಮತ್ತೊಬ್ಬರು ಬ್ರೇಕ್ ತುಳಿದಾಗಲೂ ಅಲ್ಲಾಟ ಉಳಿದರೆ ದೋಷ ಕಿಂಗ್‌ಪಿನ್‌ನಲ್ಲಿದೆ. ಬ್ರೇಕ್ ತುಳಿದಾಗ ಅಲ್ಲಾಟ ನಿಂತರೆ ದೋಷ ಹಬ್ ಬೇರಿಂಗ್‌ನಲ್ಲಿದೆ. ಫೋರ್ ವೀಲ್ ಹಾಕಿ ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಟಕಟಕ ಸದ್ದು ಬಂದರೆ ನಕಲ್ (ಆಕ್ಸಲ್ ತುದಿಯಲ್ಲಿ ಚಕ್ರದೊಡನೆ ಎಡಬಲಕ್ಕೆ ತಿರುಗುವ ಭಾಗ) ಒಳಗಿನ ಜಾಯಿಂಟ್ ಸವೆದಿದೆ. ನೇರ ಓಟದಲ್ಲಿ ಒಂದೇ ಸಮನೆ ಊಳಿಡುವ ಸದ್ದು ಬಂದರೆ ಮಾತ್ರ ಕ್ರೌನ್-ಪಿನಿಯನ್ ಅಥವಾ ಅದರ ಬೇರಿಂಗ್‌ಗಳ ಮೇಲೆ ಸಂಶಯ ಪಡಬೇಕು.

ಇಲ್ಲಿ ಜಿಪ್ಸಿಗೂ ಜೀಪಿಗೂ ದೊಡ್ಡ ವ್ಯತ್ಯಾಸವಿದೆ. ಜಿಪ್ಸಿಯ ಡಿಫರೆನ್ಶಿಯಲ್, ಅಂದರೆ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳ ಗುಂಪು, ತನ್ನದೇ ಪೆಟ್ಟಿಗೆಯಲ್ಲಿ ಕುಳಿತು ಹೌಸಿಂಗ್‌ಗೆ ಬೋಲ್ಟ್‌ಗಳಿಂದ ಬಿಗಿದಿರುತ್ತದೆ, ಆದ್ದರಿಂದ ಗೇರು ಹಾಳಾದರೆ ಆ ಗುಂಪನ್ನಷ್ಟೇ ಕಳಚಿ ಬೇರೊಂದನ್ನು ಕೂರಿಸಬಹುದು. ಅದಕ್ಕಾಗಿ ಇಡೀ ಆಕ್ಸಲ್ ತರುವುದು ಅನವಶ್ಯಕ ಖರ್ಚು. ವಿಲ್ಲಿಸ್ ವಂಶದ ಜೀಪುಗಳಲ್ಲಿ ಗೇರುಗಳು ನೇರವಾಗಿ ಹೌಸಿಂಗ್‌ನ ಮಧ್ಯದ ಎರಕದೊಳಗೇ ಕೂರುತ್ತವೆ, ಅವುಗಳನ್ನು ಶಿಮ್ (ತೆಳು ಲೋಹದ ಬಿಲ್ಲೆ) ಇಟ್ಟು ಹೊಂದಿಸಲು ಡಯಲ್ ಗೇಜ್ (ಸೂಕ್ಷ್ಮ ಸಡಿಲ ಅಳೆಯುವ ಉಪಕರಣ) ಇಟ್ಟುಕೊಂಡಿರುವ, ಈ ಕೆಲಸ ಬಲ್ಲ ಮೆಕ್ಯಾನಿಕ್ ಬೇಕು. ಅಂಥವರು ಕಡಿಮೆಯಾಗುತ್ತಿರುವುದರಿಂದ ಜೀಪಿನ ಮಾಲೀಕರಿಗೆ ಒಳ್ಳೆಯ ಗೇರು ಇರುವ ಆಕ್ಸಲ್ ಸಿಕ್ಕರೆ ಅದಕ್ಕೆ ಹೆಚ್ಚಿನ ಬೆಲೆ ಕೊಡುವುದು ಸರಿಯೇ.

ಹೌಸಿಂಗ್ ಬಾಗಿದ್ದರೆ, ಕೊಳವೆ ಎರಕಕ್ಕೆ ಸೇರುವಲ್ಲಿ ಬಿರುಕು ಬಿಟ್ಟಿದ್ದರೆ, ಬೇರಿಂಗ್ ತಿರುಗಿ ತಿರುಗಿ ಚಕ್ರದ ಹಬ್ ಕೂರುವ ಸ್ಪಿಂಡಲ್ಲನ್ನೋ ಬೇರಿಂಗ್ ಕೂರುವ ಗೂಡನ್ನೋ ಸವೆಸಿದ್ದರೆ, ನಕಲ್‌ನ ಗುಂಡು ಮೈ ಗುಳಿಬಿದ್ದಿದ್ದರೆ ಅಥವಾ ಸ್ಪ್ರಿಂಗ್ ಸೀಟುಗಳು (ಆಕ್ಸಲ್ ಮೇಲೆ ಸ್ಪ್ರಿಂಗ್ ಕೂರುವ ತಟ್ಟೆಗಳು) ತುಕ್ಕಿನಿಂದ ಪದರ ಪದರವಾಗಿ ಎದ್ದಿದ್ದರೆ ಬದಲಿ ಆಕ್ಸಲ್ ಹುಡುಕಲು ಹೊರಡಬಹುದು.

ಮನೆಯಲ್ಲೇ ಮುಗಿಸಬೇಕಾದ ಅಳತೆಗಳು

ಅಳತೆಯ ಚೀಟಿ ಕೈಯಲ್ಲಿಲ್ಲದೆ ಗುಜರಿ ಅಂಗಡಿಗೆ ಹೋಗಬಾರದು. ಈ ಚೀಟಿಯ ಮೊದಲ ಸಾಲಿನಲ್ಲಿರಬೇಕಾದದ್ದು ಹಿಂದಿನ ಆಕ್ಸಲ್‌ನ ಗೇರ್ ಅನುಪಾತ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್ಲಿಗೆ ಶಕ್ತಿ ಒಯ್ಯುವ ಉದ್ದ ಸರಳು) ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ. ಮುಂದಿನದನ್ನು ಕೊಳ್ಳಲು ಹೊರಟವರು ಹಿಂದಿನದನ್ನು ಅಳೆಯುವುದೇಕೆ ಎಂದು ಕೇಳಬಹುದು. ಈ ವಾಹನಗಳಲ್ಲಿ ಫೋರ್ ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸು (ಎಂಜಿನ್ನಿನ ಶಕ್ತಿಯನ್ನು ಎರಡೂ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆ) ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಒಂದಕ್ಕೊಂದು ಬಿಗಿದು ಒಂದೇ ವೇಗದಲ್ಲಿ ತಿರುಗಿಸುತ್ತದೆ. ಎರಡೂ ಆಕ್ಸಲ್‌ಗಳ ಅನುಪಾತ ಒಂದೇ ಆಗಿಲ್ಲದಿದ್ದರೆ ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ಓಡಲು ಎಳೆದಾಡುತ್ತವೆ.

ಲೆಕ್ಕ ಹಾಕಿದರೆ ಇದರ ಗಾತ್ರ ತಿಳಿಯುತ್ತದೆ. ಹಳೆಯ ಜೀಪಿನ 6.00-16 ಟೈರು ಒಂದು ಸುತ್ತಿಗೆ ಹೆಚ್ಚುಕಡಿಮೆ 2.2 ಮೀಟರ್ ಕ್ರಮಿಸುತ್ತದೆ, ಅಂದರೆ ಒಂದು ಕಿಲೋಮೀಟರಿಗೆ ಸುಮಾರು 455 ಸುತ್ತು. ಹಿಂದಿನ ಆಕ್ಸಲ್ 43 ಹಲ್ಲಿನ ಕ್ರೌನ್ ಮತ್ತು 8 ಹಲ್ಲಿನ ಪಿನಿಯನ್ ಹೊಂದಿದ್ದರೆ ಅನುಪಾತ 5.38, ಆಗ ಶಾಫ್ಟ್ ಕಿಲೋಮೀಟರಿಗೆ 2,440 ಸುತ್ತು ತಿರುಗಬೇಕು. ಮುಂದೆ 39 ಮತ್ತು 8 ಹಲ್ಲಿನ, ಅಂದರೆ 4.88ರ ಆಕ್ಸಲ್ ಕೂರಿಸಿದ್ದರೆ ಅದಕ್ಕೆ ಬೇಕಾದದ್ದು 2,215 ಸುತ್ತು ಮಾತ್ರ. ಉಳಿದ ಇನ್ನೂರಕ್ಕೂ ಹೆಚ್ಚು ಸುತ್ತುಗಳನ್ನು ಪ್ರತಿ ಕಿಲೋಮೀಟರಿನಲ್ಲೂ ಟೈರು ಜಾರಿಯೇ ತೀರಿಸಬೇಕು. ಕೆಸರಿನಲ್ಲಿ ಅದು ಹೇಗೋ ಜಾರೀತು, ಆದರೆ ಗಟ್ಟಿ ನೆಲದಲ್ಲಿ ಆ ಒತ್ತಡವೆಲ್ಲ ಜಾಯಿಂಟ್, ಗೇರು ಮತ್ತು ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. ಟೂ ವೀಲ್‌ನಲ್ಲಿ ಓಡಿಸಿ ನೋಡಿದವರಿಗೆ ಈ ದೋಷ ಗೊತ್ತೇ ಆಗುವುದಿಲ್ಲ, ಮೊದಲ ಮಳೆಗೆ ತೋಟದ ಏರು ಹತ್ತುವಾಗ ಮಾತ್ರ ಗೊತ್ತಾಗುತ್ತದೆ.

ಅನುಪಾತ ತಿಳಿಯುವ ಖಚಿತ ದಾರಿ ಕವರ್ ಬಿಚ್ಚಿ ಹಲ್ಲು ಎಣಿಸುವುದು. ಬಿಚ್ಚದೆಯೂ ತಿಳಿಯಬಹುದು. ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಹಿಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ ಸ್ಟ್ಯಾಂಡ್ ಕೊಡಬೇಕು. ಬರಿಯ ಜಾಕಿಯನ್ನು ನಂಬಿ ಕೆಳಗೆ ತೂರಬಾರದು. ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಪ್ರೊಪೆಲ್ಲರ್ ಶಾಫ್ಟ್‌ನ ಮೇಲೆಯೇ ಇರುವುದರಿಂದ ಅದನ್ನು ಬಿಡಿಸಿರಬೇಕು. ಎತ್ತಿದ ಚಕ್ರವನ್ನು ಇಪ್ಪತ್ತು ಸುತ್ತು ತಿರುಗಿಸಿ, ಶಾಫ್ಟ್‌ಗೆ ಹಚ್ಚಿದ ಸುಣ್ಣದ ಗುರುತು ಎಷ್ಟು ಸುತ್ತು ಬಂತೆಂದು ಎಣಿಸಬೇಕು. ಒಂದು ಚಕ್ರ ನಿಂತಿರುವಾಗ ಇನ್ನೊಂದರ ಎರಡು ಸುತ್ತು ಕ್ರೌನ್‌ನ ಒಂದು ಸುತ್ತಿಗೆ ಸಮ, ಆದ್ದರಿಂದ ಬಂದ ಸಂಖ್ಯೆಯನ್ನು ಹತ್ತರಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಐವತ್ತಮೂರು ಮುಕ್ಕಾಲು ಬಂದರೆ 5.38, ನಲವತ್ತೆಂಟು ಮುಕ್ಕಾಲು ಬಂದರೆ 4.88. ಗುಜರಿಯಲ್ಲಿ ಬಿದ್ದಿರುವ ಆಕ್ಸಲ್ಲಿಗೂ ಇದೇ ಪರೀಕ್ಷೆ: ಒಂದು ಹಬ್ ಅಲ್ಲಾಡದಂತೆ ಹಿಡಿದು ಇನ್ನೊಂದನ್ನು ತಿರುಗಿಸಬೇಕು. ಫ್ರೀ ವೀಲಿಂಗ್ ಹಬ್ (ಚಕ್ರವನ್ನು ಒಳಗಿನ ಶಾಫ್ಟಿನಿಂದ ಬಿಡಿಸಿಡಬಲ್ಲ ಹಬ್) ಇದ್ದರೆ ಎರಡೂ ಕಡೆ ಲಾಕ್ ಮಾಡಿಕೊಳ್ಳಲು ಮರೆಯಬಾರದು.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಆರಾಮವಾಗಿ ಓಡಬೇಕೆಂದು ಅನುಪಾತ ತಗ್ಗಿಸುವ ಆಸೆ ಹಲವರಿಗಿದೆ. ಅದೇ ಟೈರಿನಲ್ಲಿ ಗಂಟೆಗೆ 60 ಕಿಲೋಮೀಟರ್ ಓಡುವಾಗ 5.38ರ ಜೀಪಿನ ಎಂಜಿನ್ ಟಾಪ್ ಗೇರಿನಲ್ಲಿ ನಿಮಿಷಕ್ಕೆ ಸುಮಾರು 2,440 ಸುತ್ತು ತಿರುಗಿದರೆ, 4.27ರಲ್ಲಿ 1,940 ಸುತ್ತು ಸಾಕು. ಆಸೆ ನ್ಯಾಯವಾದದ್ದೇ, ಆದರೆ ಆಗ ಹಿಂದಿನ ಗೇರುಗಳನ್ನೂ ಜೊತೆಯಲ್ಲೇ ಬದಲಿಸಬೇಕು, ಆಗುಂಬೆಯ ತಿರುವುಗಳನ್ನು ಹೊರೆಯೊಡನೆ ಹತ್ತುವಾಗ ಬಲ ಕಡಿಮೆಯಾಗುವುದನ್ನೂ ಒಪ್ಪಿಕೊಳ್ಳಬೇಕು.

ಎರಡನೆಯದು ಡಿಫರೆನ್ಶಿಯಲ್ ಯಾವ ಪಕ್ಕದಲ್ಲಿದೆ ಎಂಬುದು. ವಿಲ್ಲಿಸ್ ವಂಶದಲ್ಲಿ ಟ್ರಾನ್ಸ್‌ಫರ್ ಕೇಸಿನಿಂದ ಮುಂದಕ್ಕೆ ಹೊರಡುವ ಶಾಫ್ಟ್ ಬಲಗಡೆ ಇರುವುದರಿಂದ ಮುಂದಿನ ಆಕ್ಸಲ್‌ನ ಡಿಫರೆನ್ಶಿಯಲ್ಲೂ ಬಲಗಡೆ, ಅಂದರೆ ನಮ್ಮಲ್ಲಿ ಚಾಲಕ ಕೂರುವ ಕಡೆಗೆ ಇರುತ್ತದೆ. ಬೇರೆ ತಯಾರಿಕೆಯ ಆಕ್ಸಲ್‌ನಲ್ಲಿ ಅದು ಎಡಕ್ಕಿದ್ದರೆ ಶಾಫ್ಟ್ ಓರೆಯಾಗಿ ನಿಲ್ಲುತ್ತದೆ, ಅದನ್ನು ಯಾವ ವರ್ಕ್‌ಶಾಪಿನ ಜಾಣ್ಮೆಯೂ ಸರಿಪಡಿಸಲಾರದು.

ಆಮೇಲೆ ಟೇಪು ಹಿಡಿದು ಅಳೆಯುವ ಕೆಲಸ. ಒಂದು ಕಡೆ ಚಕ್ರ ಕೂರುವ ಮುಖದಿಂದ ಇನ್ನೊಂದು ಕಡೆಯ ಮುಖದವರೆಗಿನ ಒಟ್ಟು ಅಗಲ, ಎರಡು ಸ್ಪ್ರಿಂಗ್‌ಗಳ ನಡುಗೆರೆಗಳ ಅಂತರ, ಬಲ ಸ್ಪ್ರಿಂಗ್‌ನಿಂದ ಪಿನಿಯನ್‌ನ ನಡುವಿಗಿರುವ ದೂರ, ಕೊಳವೆಯ ಹೊರವ್ಯಾಸ, ಸ್ಪ್ರಿಂಗ್ ಪ್ಲೇಟಿನ ಅಗಲ, ಪಿನಿಯನ್ ತುದಿಯಲ್ಲಿ ಶಾಫ್ಟ್ ಜೋಡಿಸುವ ಯೋಕ್‌ನ ಅಳತೆ ಇಷ್ಟನ್ನೂ ಮಿಲಿಮೀಟರಿನಲ್ಲೇ ಬರೆದುಕೊಳ್ಳಬೇಕು. ವಿಲ್ಲಿಸ್ ವಂಶದ ಜೀಪಿಗೂ ಜಿಪ್ಸಿಗೂ ಐದು ಬೋಲ್ಟ್‌ಗಳ 139.7 ಮಿಲಿಮೀಟರ್ ವೃತ್ತವೇ ಇದೆ. ಆದರೆ ಅದೊಂದನ್ನೇ ನೋಡಿ ಚಕ್ರ ಹೊಂದುತ್ತದೆಂದು ತೀರ್ಮಾನಿಸಬಾರದು, ನಡುವಿನ ರಂಧ್ರ ಮತ್ತು ಚಕ್ರದ ಒಳಬಾಗು ಬೇರೆಯಾಗಿರುತ್ತವೆ. ಕೆಲವು ಹಳೆಯ ಜೀಪುಗಳ ಎಡಚಕ್ರದ ಬೋಲ್ಟ್‌ಗಳಿಗೆ ಎಡತಿರುವಿನ ಥ್ರೆಡ್ ಇರುತ್ತದೆ ಎಂಬುದನ್ನೂ ಗಮನಿಸಬೇಕು.

ಯಾವ ಆಕ್ಸಲ್ ಹುಡುಕಬೇಕು

ನನ್ನ ಸಲಹೆ ಸ್ಪಷ್ಟ: ಅದೇ ಮಾದರಿಯ, ಅದೇ ಕಾಲದ ವಾಹನದಿಂದ ಬಂದ ಆರೋಗ್ಯವಂತ ಆಕ್ಸಲ್ ಸಿಗುವವರೆಗೆ ಕಾಯುವುದು ಒಳ್ಳೆಯದು. ದೊಡ್ಡ ಕ್ರೌನ್ ವೀಲ್ ಇರುವ ಆಕ್ಸಲ್ ಹಾಕಿದರೆ ಗಟ್ಟಿಯಾಗುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ಅಮೆರಿಕದ ಡಾನಾ ಕಂಪನಿಯ ಆಕ್ಸಲ್ ಮಾದರಿಗಳಲ್ಲಿ ಡಾನಾ 44ರ ಕ್ರೌನ್ 8.5 ಇಂಚಿನದು, ಡಾನಾ 30ರದ್ದು ಏಳು ಇಂಚಿಗಿಂತ ಸ್ವಲ್ಪ ಹೆಚ್ಚು. ಆದರೆ ಹಳೆಯ ಜೀಪಿನ ಎಂಜಿನ್ ಶಕ್ತಿಗೂ 6.00-16 ಟೈರಿಗೂ ಮೂಲ ಆಕ್ಸಲ್ ಸಾಕಷ್ಟು ಬಲವಾದದ್ದು. ಎಂಜಿನ್ ಬದಲಿಸಿ, ದೊಡ್ಡ ಟೈರು ಹಾಕಿ, ಬಂಡೆಗಳ ಮೇಲೆ ಹತ್ತಿಸುವವರಿಗೆ ಮಾತ್ರ ಆ ಬಲ ಬೇಕಾಗುತ್ತದೆ. ತೋಟಕ್ಕೆ ಗೊಬ್ಬರ ಸಾಗಿಸುವ ಜೀಪಿಗೆ ಬೇಡದ ಭಾರ, ಬೇಡದ ವೆಲ್ಡಿಂಗ್ ಏಕೆ?

ಜಿಪ್ಸಿಯ ಮಾಲೀಕರು ವಾಹನದ ವರ್ಷವನ್ನು ಸರಿಯಾಗಿ ನೋಡಬೇಕು. 1993ರ ಜುಲೈಯಲ್ಲಿ ಬಂದ ಎಂಜಿ410ಡಬ್ಲ್ಯುನಲ್ಲಿ ಚಕ್ರಗಳ ನಡುವಿನ ಅಗಲವನ್ನು 90 ಮಿಲಿಮೀಟರ್ ಹೆಚ್ಚಿಸಿ ಮುಂದೆ 1,300, ಹಿಂದೆ 1,310 ಮಿಲಿಮೀಟರ್ ಮಾಡಲಾಯಿತು. 1996ರಲ್ಲಿ 1300 ಸಿಸಿ ಎಂಜಿನ್‌ನ ಎಂಜಿ413ಡಬ್ಲ್ಯು ಬಂತು. ಹಳೆಯ ಕಿರಿದಾದ ಜಿಪ್ಸಿಗೆ ಅಗಲದ ಆಕ್ಸಲ್ಲನ್ನು ಮುಂದೆ ಮಾತ್ರ ಹಾಕಿದರೆ ಮುಂದಿನ ಚಕ್ರ ಒಂದೊಂದು ಕಡೆ 45 ಮಿಲಿಮೀಟರ್ ಹೊರಗೆ ಬರುತ್ತದೆ, ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲಿ ಓಡುವುದಿಲ್ಲ. ಹಾಕುವುದಾದರೆ ಎರಡನ್ನೂ ಜೋಡಿಯಾಗಿ, ಒಂದೇ ವಾಹನದಿಂದ ಬಂದವನ್ನು ಹಾಕಬೇಕು. ಆಗ ಅನುಪಾತದ ತೊಂದರೆಯೂ ತಾನಾಗಿ ತೀರುತ್ತದೆ.

ಅಮೆರಿಕದಿಂದ ತರಿಸುವ ಆಕ್ಸಲ್‌ಗಳ ವಿಷಯದಲ್ಲಿ ಒಂದು ಎಚ್ಚರ. ಅಲ್ಲಿ ಸ್ಟೀರಿಂಗ್ ಎಡಗಡೆ ಇರುವುದರಿಂದ ನಕಲ್‌ನ ಮೇಲಿನ ಸ್ಟೀರಿಂಗ್ ತೋಳು ನಮ್ಮ ವಾಹನಕ್ಕೆ ಬೇಕಾದ ಕಡೆ ಇಲ್ಲದಿರಬಹುದು. ಸ್ಟೀರಿಂಗ್ ತೋಳಿಗೆ ವೆಲ್ಡಿಂಗ್ ಮಾಡಿಸಿ ಹೊಂದಿಸುವ ಸಲಹೆ ಯಾರು ಕೊಟ್ಟರೂ ಒಪ್ಪಬಾರದು. ಆ ಒಂದು ಬೆಸುಗೆ ಬಿಟ್ಟರೆ ಚಕ್ರದ ಮೇಲಿನ ಹಿಡಿತ ಪೂರ್ತಿ ಹೋಗುತ್ತದೆ.

ಡ್ರಮ್ ಇದ್ದ ಕಡೆ ಡಿಸ್ಕ್ ಇರುವ ಆಕ್ಸಲ್ ತರುವವರು ಮಾಸ್ಟರ್ ಸಿಲಿಂಡರನ್ನೂ ನೋಡಬೇಕು. ಡ್ರಮ್‌ಗಾಗಿ ಮಾಡಿದ ಸಿಲಿಂಡರ್‌ನಲ್ಲಿ ಪೈಪಿನೊಳಗೆ ಸ್ವಲ್ಪ ಒತ್ತಡವನ್ನು ಸದಾ ಉಳಿಸುವ ವಾಲ್ವ್ ಇರಬಹುದು, ಅದನ್ನು ಹಾಗೆಯೇ ಬಿಟ್ಟರೆ ಡಿಸ್ಕ್‌ನ ಪ್ಯಾಡ್‌ಗಳು ಉಜ್ಜುತ್ತಲೇ ಇದ್ದು ಬಿಸಿಯೇರುತ್ತವೆ.

ಗುಜರಿಯಲ್ಲಿ ಪರೀಕ್ಷೆ

ತಂತಿ ಬ್ರಷ್, ಸಣ್ಣ ಸುತ್ತಿಗೆ, ಟಾರ್ಚ್, ಟೇಪು, ಸ್ಪ್ಯಾನರ್ ಮತ್ತು ಒಂದು ಖಾಲಿ ಡಬ್ಬ ತೆಗೆದುಕೊಂಡು ಹೋಗಬೇಕು. ಹೊಸದಾಗಿ ಕಪ್ಪು ಬಣ್ಣ ಬಳಿದ ಆಕ್ಸಲ್ಲನ್ನು ಕಂಡರೆ ಹೆಚ್ಚು ಸಂಶಯದಿಂದ ನೋಡುವುದು ಮೇಲು, ಏಕೆಂದರೆ ನಾವು ನೋಡಬೇಕಾದದ್ದೆಲ್ಲ ಬಣ್ಣದ ಅಡಿಯಲ್ಲಿದೆ.

ಮೊದಲು ಸ್ಪ್ರಿಂಗ್ ಸೀಟುಗಳ ಅಂಚನ್ನೂ ಕೊಳವೆಯ ಕೆಳಮೈಯನ್ನೂ ಬ್ರಷ್‌ನಿಂದ ಉಜ್ಜಿ ಸುತ್ತಿಗೆಯಿಂದ ಬಡಿಯಬೇಕು. ಗಟ್ಟಿ ಕಬ್ಬಿಣ ಖಣಿಲೆನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡಿ ಹಕ್ಕಳೆ ಉದುರಿಸುತ್ತದೆ. ಕಡಲಿಗೆ ಹತ್ತಿರದಲ್ಲಿ ವರ್ಷಗಟ್ಟಲೆ ನಿಂತ ವಾಹನಗಳಲ್ಲಿ ಸೀಟು ಮತ್ತು ಕೊಳವೆ ಸೇರುವ ಸಂದಿಯಲ್ಲಿ ಉಪ್ಪು-ನೀರು ಸಿಕ್ಕಿಕೊಂಡು ಒಳಗಿನಿಂದಲೇ ತಿಂದಿರುತ್ತದೆ. ಸಾಧ್ಯವಾದರೆ ಘಟ್ಟದ ಮೇಲಿನ ಒಣಹವೆಯ ಊರಿನಿಂದ ಬಂದ ಆಕ್ಸಲ್ಲಿಗೆ ಆದ್ಯತೆ ಕೊಡಬೇಕು. ಸಾಗಣೆಯ ಖರ್ಚು ವ್ಯರ್ಥವಲ್ಲ.

ಆಮೇಲೆ ಕೊಳವೆ ನಡುವಿನ ಎರಕಕ್ಕೆ ಸೇರುವ ಜಾಗ. ಅಲ್ಲಿ ಕೊಳವೆಯನ್ನು ಒತ್ತಿ ಕೂರಿಸಿ ರಂಧ್ರಗಳ ಮೂಲಕ ಬೆಸೆದಿರುತ್ತಾರೆ. ಸುತ್ತ ತೆಳುವಾದ ತುಕ್ಕಿನ ಗೆರೆ ಅಥವಾ ಎಣ್ಣೆ ಒಸರಿದ ಗುರುತು ಕಂಡರೆ ಕೊಳವೆ ಸಡಿಲಾಗಿ ತಿರುಗಿದೆ ಎಂದರ್ಥ. ಯಾರೋ ಮೇಲಿಂದ ದಪ್ಪವಾಗಿ ವೆಲ್ಡ್ ಮಾಡಿದ ಗುರುತಿದ್ದರೆ ಆ ಆಕ್ಸಲ್ ಬಿಡುವುದೇ ಲೇಸು.

ಮೂರನೆಯದು ನಕಲ್. ಜಿಪ್ಸಿಯಲ್ಲೂ ಹಳೆಯ ಜೀಪುಗಳಲ್ಲೂ ಜಾಯಿಂಟ್ ಒಂದು ಗುಂಡಾದ ಉಕ್ಕಿನ ಕವಚದೊಳಗೆ ಮುಚ್ಚಿಕೊಂಡಿರುತ್ತದೆ, ಆ ಗುಂಡಿನ ಹೊರಮೈಯನ್ನು ಫೆಲ್ಟ್ ಮತ್ತು ರಬ್ಬರ್ ಸೀಲು ಒರೆಸುತ್ತಿರುತ್ತದೆ. ಸ್ಟೀರಿಂಗ್ ತೋಳನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಳೆಯ ಗ್ರೀಸ್ ಒರೆಸಿ, ಉಗುರಿನಿಂದ ಮೈ ಸವರಿ ನೋಡಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿಗಳಿದ್ದರೆ ಎಷ್ಟು ಹೊಸ ಸೀಲು ಹಾಕಿದರೂ ಒಂದೇ ಮಳೆಗಾಲದಲ್ಲಿ ಹರಿಯುತ್ತದೆ. ನಮ್ಮ ಕಡೆ ಬೇರೆಲ್ಲ ಸರಿಯಿದ್ದರೂ ಈ ಒಂದು ಕಾರಣಕ್ಕೆ ಆಕ್ಸಲ್ ತಿರಸ್ಕರಿಸುವುದು ತಪ್ಪಲ್ಲ.

ಗೇರುಗಳ ಸ್ಥಿತಿ ತಿಳಿಯಲು ಡ್ರೈನ್ ಪ್ಲಗ್ ಬಿಚ್ಚಿ ಎಣ್ಣೆಯನ್ನು ಡಬ್ಬಕ್ಕೆ ಇಳಿಸಬೇಕು. ಎಣ್ಣೆ ಬೆಳ್ಳಗೆ ಕಲಸಿಹೋಗಿದ್ದರೆ ನೀರು ಸೇರಿದೆ; ಬೆರಳಿಗೆ ಲೋಹದ ಚೂರು ಹತ್ತಿದರೆ ಹಲ್ಲು ಅಥವಾ ಬೇರಿಂಗ್ ಒಡೆದಿದೆ. ಜೀಪಿನದಾದರೆ ಕವರ್ ತೆಗೆಸಿ ಹಲ್ಲುಗಳ ಮುಖ ನೋಡಬೇಕು, ಪಿನಿಯನ್ನನ್ನು ಹಿಂದೆ ಮುಂದೆ ಎಳೆದು ಅಲ್ಲಾಟ ನೋಡಬೇಕು. ಕ್ರೌನ್ ಮತ್ತು ಪಿನಿಯನ್ ನಡುವಿನ ಸಡಿಲ ಸಾಮಾನ್ಯವಾಗಿ 0.13ರಿಂದ 0.25 ಮಿಲಿಮೀಟರ್ ಒಳಗಿರಬೇಕು. ಕವರ್ ತೆಗೆಯಲು ಒಪ್ಪದ ಅಂಗಡಿಯವರಿಗೆ ಗೇರು ಹಾಳಾಗಿದೆ ಎಂದೇ ಲೆಕ್ಕ ಹಿಡಿದು ಬರಿಯ ಹೌಸಿಂಗ್‌ನ ಬೆಲೆ ಹೇಳುವುದು ಸರಿ.

ಹೌಸಿಂಗ್ ನೆಟ್ಟಗಿದೆಯೇ ಎಂಬುದನ್ನು ಕಣ್ಣಿನಿಂದ ನಿಖರವಾಗಿ ಹೇಳಲಾಗದು. ಕೊಳ್ಳುವಾಗಲೇ, ಬಾಗಿದ್ದರೆ ಹಿಂತಿರುಗಿಸುವ ಷರತ್ತು ಹಾಕಿ, ಒಳಗಿನ ಶಾಫ್ಟ್‌ಗಳನ್ನು ತೆಗೆದು, ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದ ಒಳ್ಳೆಯ ಲೇತ್ ವರ್ಕ್‌ಶಾಪಿನಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ನೇರ ಸರಳು ತೂರಿಸಿ ಪರೀಕ್ಷಿಸಬೇಕು.

ಕಾಗದಪತ್ರ

ಆಕ್ಸಲ್ಲನ್ನು ಯಾವ ವಾಹನದಿಂದ ಬಿಚ್ಚಿದ್ದು ಎಂಬುದನ್ನು ನಮೂದಿಸಿದ ಬಿಲ್ ಪಡೆಯಲೇಬೇಕು. ಅದೇ ಮಾದರಿಯ ಆಕ್ಸಲ್ ಹಾಕುವುದು ದುರಸ್ತಿ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಲು ಮಾಲೀಕರಿಗೆ ಅವಕಾಶವಿಲ್ಲ, ಇದನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದಿದೆ. ಮುಂದಿನ ಎರಡು ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುವ ಬಿಡಿ ಸಸ್ಪೆನ್ಷನ್ ಇರುವ ಮಹೀಂದ್ರ ಥಾರ್‌ಗೆ ಇಡಿಯಾದ ಆಕ್ಸಲ್ ಕೂರಿಸುವಂಥ ಕೆಲಸಕ್ಕೆ ಕೈಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಬೇಕು. ಹದಿನೈದು ವರ್ಷ ದಾಟಿದ ಖಾಸಗಿ ವಾಹನ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಹೋಗಬೇಕಾಗಿರುವುದರಿಂದ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ.

ಕೂರಿಸುವಾಗ

ಸ್ಪ್ರಿಂಗ್ ಸೀಟಿನ ಓರೆ ಎರಡು ಸಂಗತಿಗಳನ್ನು ಒಟ್ಟಿಗೆ ನಿರ್ಧರಿಸುತ್ತದೆ: ಪಿನಿಯನ್ ಎಷ್ಟು ಮೇಲೆ ಮುಖ ಮಾಡಿದೆ ಎಂಬುದು ಒಂದು, ಕಿಂಗ್‌ಪಿನ್ ಎಷ್ಟು ಹಿಂದಕ್ಕೆ ವಾಲಿದೆ ಎಂಬುದು ಇನ್ನೊಂದು. ಈ ವಾಲುವಿಕೆಯನ್ನೇ ಮೆಕ್ಯಾನಿಕ್‌ಗಳು ಕ್ಯಾಸ್ಟರ್ ಎನ್ನುವುದು, ವಿಲ್ಲಿಸ್ ಜೀಪುಗಳಲ್ಲಿ ಇದು ಸುಮಾರು 3 ಡಿಗ್ರಿ. ಶಾಫ್ಟ್ ನೇರವಾಗಲಿ ಎಂದು ಪಿನಿಯನ್ನನ್ನು ಎತ್ತಿದರೆ ಕ್ಯಾಸ್ಟರ್ ಕಡಿಮೆಯಾಗಿ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ಬರುವುದಿಲ್ಲ, ಅದುರಾಟವೂ ಶುರುವಾಗುತ್ತದೆ. ಒಂದೆರಡು ಡಿಗ್ರಿಯ ವ್ಯತ್ಯಾಸವನ್ನು ಓರೆ ಶಿಮ್ ಇಟ್ಟು ಸರಿಪಡಿಸಬಹುದು. ಅದಕ್ಕೂ ಹೆಚ್ಚಿದ್ದರೆ ಸೀಟನ್ನು ಯಾರೋ ಹಿಂದೆ ಬಿಚ್ಚಿ ಬೆಸೆದಿದ್ದಾರೆಂದು ತಿಳಿಯಬೇಕು.

ಕಿಂಗ್‌ಪಿನ್ ಬೇರಿಂಗ್, ನಕಲ್ ಸೀಲು, ಶಾಫ್ಟ್‌ನ ಒಳಸೀಲು, ಪಿನಿಯನ್ ಸೀಲು, ಆಕ್ಸಲ್ಲನ್ನು ಸ್ಪ್ರಿಂಗಿಗೆ ಬಿಗಿಯುವ ಯು-ಬೋಲ್ಟ್ ಇಷ್ಟನ್ನು ಆಕ್ಸಲ್ ಎಷ್ಟೇ ಚೆನ್ನಾಗಿದ್ದರೂ ಹೊಸದಾಗಿ ಹಾಕಬೇಕು, ಏಕೆಂದರೆ ಆಕ್ಸಲ್ ಕೆಳಗಿರುವಾಗ ಅರ್ಧ ದಿನದ ಕೆಲಸವಾದದ್ದು ಕೂರಿಸಿದ ಮೇಲೆ ಎರಡು ದಿನದ್ದಾಗುತ್ತದೆ. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಬೋಲ್ಟ್‌ಗಳನ್ನು ವಾಹನದ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಬಿಗಿಯಬೇಕು. ಸ್ಪ್ರಿಂಗ್ ಪೂರ್ತಿ ಇಳಿದಾಗ ಪ್ರೊಪೆಲ್ಲರ್ ಶಾಫ್ಟ್‌ನ ಜಾರುವ ತುದಿ ಕಳಚುವಷ್ಟು ಹೊರಗೆ ಬರಬಾರದು, ಪೂರ್ತಿ ಒತ್ತಿದಾಗ ತಳ ಮುಟ್ಟಬಾರದು. ಬ್ರೇಕ್ ಹೋಸ್‌ನ ಉದ್ದವನ್ನೂ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ನೋಡಬೇಕು.

ಆಕ್ಸಲ್ ಒಳಗಿನ ಗಾಳಿ ಹೊರಗೆ-ಒಳಗೆ ಆಡಲು ಬಿಡುವ ಬ್ರೀದರ್ ಎಂಬ ಪುಟ್ಟ ಭಾಗವನ್ನು ಹೆಚ್ಚಿನವರು ಮರೆಯುತ್ತಾರೆ, ನನ್ನ ದೃಷ್ಟಿಯಲ್ಲಿ ಕರಾವಳಿಯಲ್ಲಿ ಅದರಷ್ಟು ಮುಖ್ಯವಾದದ್ದು ಬೇರೆ ಇಲ್ಲ. ಓಡಿ ಕಾದ ಆಕ್ಸಲ್ ಹೊಳೆಯ ತಣ್ಣನೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಅದನ್ನು ಬಿಚ್ಚಿ ಸ್ವಚ್ಛಗೊಳಿಸಿ, ಎಣ್ಣೆಗೆ ತಡೆಯುವ ರಬ್ಬರ್ ಪೈಪ್ ಸಿಕ್ಕಿಸಿ, ಎಂಜಿನ್ ಕೋಣೆಯ ಮೇಲ್ಭಾಗದವರೆಗೆ ಏರಿಸಿ ಬಾಯಿ ಕೆಳಮುಖವಾಗಿರುವಂತೆ ಕಟ್ಟಬೇಕು.

ತಯಾರಕರು ಹೇಳಿದ ದರ್ಜೆಯ ಗೇರ್ ಎಣ್ಣೆಯನ್ನು, ಸಾಮಾನ್ಯವಾಗಿ ಜಿಎಲ್-5 ದರ್ಜೆಯ 80ಡಬ್ಲ್ಯು-90ಯನ್ನು, ತುಂಬುವ ರಂಧ್ರದ ಮಟ್ಟಕ್ಕೆ ತುಂಬಬೇಕು. ಮೊದಲ ಕೆಲವು ಕಿಲೋಮೀಟರ್ ನಿಧಾನವಾಗಿ ಓಡಿಸಿ ನಿಲ್ಲಿಸಿ, ಎರಡೂ ಹಬ್‌ಗಳನ್ನು ಎಚ್ಚರಿಕೆಯಿಂದ ಕೈಯಿಂದ ಮುಟ್ಟಿ ನೋಡಬೇಕು: ಒಂದು ಬೆಚ್ಚಗಿದ್ದು ಇನ್ನೊಂದು ಸುಡುತ್ತಿದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಯು-ಬೋಲ್ಟ್‌ಗಳನ್ನು ಕೆಲವು ದಿನಗಳ ಓಟದ ನಂತರ ಮತ್ತೊಮ್ಮೆ ಬಿಗಿಯಬೇಕು. ಮಳೆಗಾಲದಲ್ಲಿ ಹೊಳೆ ದಾಟಿದ ದಿನಗಳ ನಂತರ ವಾಹನವನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಓಡಿಸುವ ಮುನ್ನ ಡ್ರೈನ್ ಪ್ಲಗ್ಗನ್ನು ಸ್ವಲ್ಪವೇ ಸಡಿಲಿಸಿದರೆ ತಳದಲ್ಲಿ ನಿಂತ ನೀರು ಮೊದಲು ಹೊರಬರುತ್ತದೆ. ನೀರು ಕಂಡರೆ ಎಣ್ಣೆಯನ್ನು ಅಂದೇ ಬದಲಿಸಿ, ಬ್ರೀದರ್ ಪೈಪನ್ನೂ ನಕಲ್ ಸೀಲುಗಳನ್ನೂ ಮತ್ತೆ ಪರೀಕ್ಷಿಸಬೇಕು.